ವೋಲ್ಟೇಜ್ ಇಳಿದರೆ ಆಂಪಿಯರ್ ಏರುತ್ತದೆಯೇ, ಇಳಿಯುತ್ತದೆಯೇ?

ಪ್ರಶ್ನೆ: ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ರೈತ. ಮನೆಯಲ್ಲಿ ನೀರು ಕಾಯಿಸಲು 1500 ವ್ಯಾಟ್‌ನ ಹೀಟರ್ ರಾಡ್ ಇದೆ. ಸಂಜೆ ಏಳರ ಹೊತ್ತಿಗೆ ಸಾಕೆಟ್‌ನಲ್ಲಿ 190 ವೋಲ್ಟ್ ಇರುತ್ತದೆ; ರಾಡ್ ಹಾಕಿದ ಕೂಡಲೇ 175ಕ್ಕೆ ಇಳಿಯುತ್ತದೆ. ಆಗ ಕ್ಲ್ಯಾಂಪ್ ಮೀಟರ್ 4.9 ಆಂಪಿಯರ್ ತೋರಿಸಿತು. ಹತ್ತನೇ ತರಗತಿಯ ಮಗಳು ಕೇಳುತ್ತಾಳೆ: "ವ್ಯಾಟ್ ಎಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು. 175 ವೋಲ್ಟಿನಲ್ಲಿ 1500 ವ್ಯಾಟ್ ಆಗಬೇಕಾದರೆ 8.6 ಆಂಪಿಯರ್ ಹರಿಯಬೇಕು. 4.9 ಮಾತ್ರ ಏಕೆ?" ವೋಲ್ಟೇಜ್ ಇಳಿದರೆ ಆಂಪಿಯರ್ ಏರುತ್ತದೆ ಎಂದು ನಮ್ಮೂರಿನ ಎಲೆಕ್ಟ್ರಿಷಿಯನ್ ಕೂಡ ಹೇಳುತ್ತಾರೆ. ಬಾವಿಯ 1 ಎಚ್‌ಪಿ ಮೋಟಾರ್ ಹಾಗೆಯೇ ನಡೆದುಕೊಳ್ಳುತ್ತದೆ: 230 ವೋಲ್ಟ್ ಇದ್ದಾಗ 6 ಆಂಪಿಯರ್, 190 ಇದ್ದಾಗ 7.2 ಆಂಪಿಯರ್. ಇನ್ನೊಂದು ಸಂಶಯ: 100 ವ್ಯಾಟ್‌ನ ಹಳೆಯ ಬಲ್ಬಿನ ರೋಧ ಲೆಕ್ಕದಲ್ಲಿ 529 ಓಮ್ ಬರುತ್ತದೆ, ಮಲ್ಟಿಮೀಟರಿನಲ್ಲಿ 38 ಓಮ್. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಪತ್ರದ ಅಂಕಿಗಳಲ್ಲಿ ತಪ್ಪು ಎನ್ನುವಂಥದ್ದು ಒಂದೂ ಇಲ್ಲ. ಮಗಳ ಗುಣಾಕಾರ ಸರಿ, ಕ್ಲ್ಯಾಂಪ್ ಮೀಟರ್ ಸರಿ, ಎಲೆಕ್ಟ್ರಿಷಿಯನ್ ಅನುಭವದಿಂದ ಹೇಳುವ ಮಾತೂ ಸರಿ. ಆದರೂ ಒಂದಕ್ಕೊಂದು ತಾಳೆಯಾಗುತ್ತಿಲ್ಲವಲ್ಲ, ಅದಕ್ಕೆ ಕಾರಣ ರಾಡಿನ ಮೇಲೆ ಅಚ್ಚಾಗಿರುವ '1500 ವ್ಯಾಟ್' ಎಂಬ ಬರಹವನ್ನು ನಾವು ಓದುವ ರೀತಿ. ನಾನು ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ಪ್ರಯೋಗಾಲಯದಲ್ಲಿ ಪಾಠ ಮಾಡಿದಷ್ಟು ವರ್ಷವೂ ಪ್ರತಿ ಹೊಸ ತಂಡದಲ್ಲಿ ಯಾರಾದರೊಬ್ಬರು ಇದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಕೇಳುತ್ತಿದ್ದವರು ಸೂತ್ರವನ್ನು ಬಾಯಿಪಾಠ ಮಾಡಿ ಸುಮ್ಮನಾಗದೆ ಅದನ್ನು ಮೀಟರಿನ ಜೊತೆ ಹೋಲಿಸಿ ನೋಡಿದ ಮಕ್ಕಳು. ಮಗಳಿಗೆ ಇದನ್ನು ತಿಳಿಸಿ.

ರಾಡಿನ ಹಿಡಿಕೆಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ವ್ಯಾಟ್ ಒಂದೇ ಇರುವುದಿಲ್ಲ. ಪಕ್ಕದಲ್ಲೋ ಕೆಳಗೋ 230 ವೋಲ್ಟ್ ಎಂದೂ ಇರುತ್ತದೆ. ಎರಡನ್ನೂ ಕೂಡಿಸಿಯೇ ಓದಬೇಕು. 230 ವೋಲ್ಟ್ ಸಿಕ್ಕಿದರೆ ಈ ರಾಡ್ 1500 ವ್ಯಾಟ್ ಶಾಖ ಕೊಡುತ್ತದೆ ಎಂಬುದು ತಯಾರಕರ ಮಾತು. 175 ವೋಲ್ಟಿಗೆ ಎಷ್ಟು ಕೊಡುತ್ತದೆ ಎಂದು ಅವರು ಹೇಳಿಯೇ ಇಲ್ಲ. ಮಗಳು ಆ ಷರತ್ತನ್ನು ಬಿಟ್ಟು 1500 ಅನ್ನು ಮಾತ್ರ ಎತ್ತಿಕೊಂಡಳು, ಅಷ್ಟೆ.

ಹಾಗಾದರೆ ರಾಡಿಗೆ ಸ್ವಂತದ್ದು ಎನ್ನುವ ಗುಣ ಯಾವುದು? ಅದರ ರೋಧ. ಹೊರಗಿನ ಲೋಹದ ಕೊಳವೆಯನ್ನು ಗರಗಸದಿಂದ ಕೊಯ್ದು ನೋಡಿದರೆ ಒಳಗೆ ಬಿಗಿಯಾಗಿ ತುಂಬಿದ ಬಿಳಿ ಪುಡಿ ಕಾಣುತ್ತದೆ, ಅದು ಮೆಗ್ನೀಸಿಯಮ್ ಆಕ್ಸೈಡ್. ಆ ಪುಡಿಯ ನಡುವೆ ಸ್ಪ್ರಿಂಗಿನಂತೆ ಸುತ್ತಿದ ಸಣ್ಣ ತಂತಿ ಇರುತ್ತದೆ. ಅದು ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ ಮಾಡಿದ ನೈಕ್ರೋಮ್. ಅಷ್ಟೇ ಉದ್ದ, ಅಷ್ಟೇ ದಪ್ಪದ ತಾಮ್ರದ ತಂತಿಗಿಂತ ಇದು ಅರವತ್ತು ಪಟ್ಟಿಗೂ ಹೆಚ್ಚು ರೋಧ ಒಡ್ಡುತ್ತದೆ. ಪುಡಿ ಕರೆಂಟನ್ನು ಹೊರಗೆ ಬಿಡುವುದಿಲ್ಲ, ಶಾಖವನ್ನು ಮಾತ್ರ ಬಿಡುತ್ತದೆ. ಕಾರ್ಖಾನೆಯಲ್ಲಿ ಆ ತಂತಿಯನ್ನು ಎಷ್ಟು ಉದ್ದಕ್ಕೆ ಕತ್ತರಿಸಿದರೋ ಅಲ್ಲಿಗೆ ರಾಡಿನ ರೋಧ ನಿಗದಿಯಾಯಿತು. ಬೆಳಗಾಗಲಿ ಸಂಜೆಯಾಗಲಿ, ವೋಲ್ಟೇಜ್ ಏರಲಿ ಇಳಿಯಲಿ, ಆ ಉದ್ದ ಬದಲಾಗುವುದಿಲ್ಲ.

ಈ ರೋಧವನ್ನು ಎರಡು ದಾರಿಯಿಂದ ಕಂಡುಹಿಡಿಯೋಣ. ಮೊದಲನೆಯದು ಬರಹದಿಂದ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. 230 ಗುಣಿಲೆ 230 ಎಂದರೆ 52,900. ಅದನ್ನು 1500ರಿಂದ ಭಾಗಿಸಿದರೆ 35.3 ಓಮ್. ಎರಡನೆಯದು ನಿಮ್ಮ ಅಳತೆಯಿಂದ. ವೋಲ್ಟೇಜನ್ನು ಆಂಪಿಯರಿನಿಂದ ಭಾಗಿಸಬೇಕು: 175 ಭಾಗಿಲೆ 4.9, ಅಂದರೆ 35.7 ಓಮ್. ಒಂದು ಕಾರ್ಖಾನೆಯ ಲೆಕ್ಕ, ಇನ್ನೊಂದು ನಿಮ್ಮ ಬಚ್ಚಲುಮನೆಯ ಲೆಕ್ಕ; ನಡುವಿನ ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರ. ಮನೆಯಲ್ಲಿ ಬಳಸುವ ಮೀಟರಿನಿಂದ ಇದಕ್ಕಿಂತ ಹೆಚ್ಚಿನ ಹೊಂದಾಣಿಕೆಯನ್ನು ನಾನು ನಿರೀಕ್ಷಿಸುವುದಿಲ್ಲ. ನೀವು ತುಂಬ ಚೆನ್ನಾಗಿ ಅಳೆದಿದ್ದೀರಿ.

ಈಗ ಸಂಜೆಯ ವ್ಯಾಟ್ ಎಷ್ಟು? 175 ಗುಣಿಲೆ 4.9, ಅಂದರೆ 857. ನಿಮ್ಮ 1500 ವ್ಯಾಟ್‌ನ ರಾಡ್ ಸಂಜೆ ಏಳು ಗಂಟೆಗೆ 857 ವ್ಯಾಟ್‌ನ ರಾಡ್ ಆಗಿರುತ್ತದೆ. ವೋಲ್ಟೇಜ್ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಇಳಿದಿದೆ, ಶಾಖ ಮಾತ್ರ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿದಿದೆ. ವೋಲ್ಟೇಜ್ ಇಳಿದಾಗ ಅದರ ಜೊತೆಗೆ ಆಂಪಿಯರೂ ಇಳಿಯುತ್ತದೆ. ವ್ಯಾಟ್ ಎರಡರ ಗುಣಲಬ್ಧವಾದ್ದರಿಂದ ಎರಡೂ ಕಡೆಯಿಂದ ಏಟು ಬೀಳುತ್ತದೆ. ವರ್ಗ ಎಂಬ ಪದ ಸೂತ್ರದಲ್ಲಿ ಇರುವುದು ಇದಕ್ಕೇ.

ನಿಮಗೆ ಇದು ನೀರಿನಲ್ಲಿ ಅನುಭವಕ್ಕೆ ಬಂದಿರುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 12.5 ಲಕ್ಷ ಜೂಲ್ ಶಾಖ ಬೇಕು. 1500 ವ್ಯಾಟ್ ಎಂದರೆ ಸೆಕೆಂಡಿಗೆ 1500 ಜೂಲ್. ಹಾಗಾಗಿ ಪೂರ್ತಿ ವೋಲ್ಟೇಜ್ ಇದ್ದರೆ 14 ನಿಮಿಷ ಸಾಕು. 857 ವ್ಯಾಟಿಗೆ 24 ನಿಮಿಷ ಹಿಡಿಯುತ್ತದೆ. ಬಕೆಟ್ಟಿನಿಂದ ಗಾಳಿಗೆ ಹೋಗುವ ಶಾಖ ಸೇರಿದರೆ ಇನ್ನೆರಡು ನಿಮಿಷ ಹೆಚ್ಚು. ಆದರೆ ಹೊತ್ತು ಹೆಚ್ಚು ಹಿಡಿಯಿತು ಎಂದು ಬಿಲ್ಲು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನೀರಿಗೆ ಬೇಕಾದ ಶಾಖ ಅಷ್ಟೇ ಇರುವುದರಿಂದ ಎರಡೂ ಸಂದರ್ಭದಲ್ಲಿ ಖರ್ಚು ಯೂನಿಟ್ಟಿನ ಮೂರನೇ ಒಂದು ಭಾಗದ ಆಸುಪಾಸು.

ಬಲ್ಬಿನ ವಿಷಯಕ್ಕೆ ಬರುತ್ತೇನೆ. ರಾಡಿನ ರೋಧ ಬದಲಾಗುವುದಿಲ್ಲ ಎಂದು ಈಗಷ್ಟೇ ಬರೆದೆ. ಬಲ್ಬಿನ ರೋಧ ಬದಲಾಗುತ್ತದೆ. ಅದರೊಳಗಿನ ತಂತಿ ಟಂಗ್‌ಸ್ಟನ್. ಉರಿಯುವಾಗ ಅದರ ತಾಪ 2500 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರುತ್ತದೆ, ಮತ್ತು ಕಾದಷ್ಟೂ ಟಂಗ್‌ಸ್ಟನ್‌ನ ರೋಧ ಏರುತ್ತಲೇ ಹೋಗುತ್ತದೆ. ಮಲ್ಟಿಮೀಟರ್ ತೋರಿಸಿದ 38 ಓಮ್ ತಣ್ಣಗಿರುವ ಬಲ್ಬಿನದು. ಲೆಕ್ಕದ 529 ಓಮ್ ಉರಿಯುವ ಬಲ್ಬಿನದು. ಎರಡೂ ನಿಜ, ಎರಡರ ನಡುವೆ ಹದಿನಾಲ್ಕು ಪಟ್ಟಿನ ಅಂತರ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಒತ್ತಿದ ಗಳಿಗೆಯಲ್ಲೇ 'ಟಪ್' ಎಂದು ಹೋಗುತ್ತಿದ್ದುದು ನಿಮಗೆ ನೆನಪಿರಬಹುದು. ತಣ್ಣಗಿರುವ 38 ಓಮ್‌ಗೆ 230 ವೋಲ್ಟ್ ಬಿದ್ದರೆ ಆ ಕ್ಷಣ 6 ಆಂಪಿಯರ್ ನುಗ್ಗುತ್ತದೆ. ತಂತಿ ಕಾದ ಮೇಲೆ ಅದು 0.43ಕ್ಕೆ ಇಳಿದು ನಿಲ್ಲುತ್ತದೆ. ಸವೆದು ತೆಳುವಾದ ತಂತಿ ಆ ಮೊದಲ ನೂಕಿನಲ್ಲೇ ಕರಗಿಹೋಗುತ್ತಿತ್ತು.

ನೀವು ರಾಡನ್ನೂ ತಣ್ಣಗಿರುವಾಗ ಮಲ್ಟಿಮೀಟರಿನಿಂದ ಅಳೆದು ನೋಡಿ. ಸುಮಾರು 35 ಓಮ್ ಬರುತ್ತದೆ. ನೈಕ್ರೋಮ್‌ನ ರೋಧ ತಾಪಕ್ಕೆ ಹೆಚ್ಚು ಏರುವುದಿಲ್ಲ, ಮೇಲಾಗಿ ಸುತ್ತ ನೀರಿರುವುದರಿಂದ ರಾಡ್ ಕೆಂಪಗೆ ಕಾಯುವ ಪ್ರಶ್ನೆಯೂ ಇಲ್ಲ. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದರ ಎರಡು ಚಿಕ್ಕ ಪಿನ್ನುಗಳ ನಡುವೆ ಅಳೆಯಬೇಕು. ದೊಡ್ಡ ಪಿನ್ ಅರ್ತಿಂಗ್‌ನದು. ಅದಕ್ಕೂ ಚಿಕ್ಕ ಪಿನ್ನಿಗೂ ನಡುವೆ ಮೀಟರ್ ಏನಾದರೂ ಕೆಲವು ಸಾವಿರ ಓಮ್ ತೋರಿಸಿದರೆ ಆ ರಾಡನ್ನು ಮತ್ತೆ ನೀರಿಗೆ ಇಳಿಸಬೇಡಿ. ಒಳಗೆ ತೇವ ಸೇರಿ ಕರೆಂಟ್ ಮೈಗೆ ಸೋರುತ್ತಿದೆ ಎಂದು ಅರ್ಥ.

ಇಲ್ಲಿ ಓಮ್ ಅವರದೇ ಒಂದು ಸಂಗತಿಯನ್ನು ಹೇಳಬೇಕು ಎನ್ನಿಸುತ್ತದೆ. ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಗೇಯಾರ್ಗ್ ಓಮ್ ತಮ್ಮ ಪ್ರಯೋಗಗಳನ್ನು ಮೊದಲು ಅಂದಿನ ಬ್ಯಾಟರಿಗಳಿಂದ ಮಾಡಲು ಹೊರಟಾಗ ಅವರಿಗೂ ನಿಮ್ಮದೇ ತೊಂದರೆ ಎದುರಾಯಿತು. ತಂತಿ ಜೋಡಿಸಿದ ಕೂಡಲೇ ವೋಲ್ಟೇಜ್ ಜಾರುತ್ತಿತ್ತು, ಅಳತೆ ನಿಲ್ಲುತ್ತಿರಲಿಲ್ಲ. ಆಮೇಲೆ ಅವರು ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟರು. ಆ ಎರಡು ತಾಪಗಳು ಅಲುಗಾಡುವುದಿಲ್ಲ, ಹಾಗಾಗಿ ಅದರಿಂದ ಬರುವ ವೋಲ್ಟೇಜೂ ಅಲುಗಾಡಲಿಲ್ಲ. ನಿಯಮ ಕೈಗೆ ಸಿಕ್ಕಿತು. 1827ರಲ್ಲಿ ಅದು ಪುಸ್ತಕವಾಗಿ ಹೊರಬಂತು. ಅಲುಗಾಡುವ ವೋಲ್ಟೇಜಿನಲ್ಲಿ ಅಳೆಯುವವರಿಗೆ ಇದರಿಂದ ಕಲಿಯುವುದಿದೆ: ವೋಲ್ಟೇಜನ್ನೂ ಆಂಪಿಯರನ್ನೂ ಒಂದೇ ಗಳಿಗೆಯಲ್ಲಿ ಓದಬೇಕು. ಬೆಳಿಗ್ಗೆಯ ವೋಲ್ಟನ್ನು ಸಂಜೆಯ ಆಂಪಿಯರಿನಿಂದ ಭಾಗಿಸಿದರೆ ಬರುವ ಸಂಖ್ಯೆ ಯಾವ ವಸ್ತುವಿನ ರೋಧವೂ ಅಲ್ಲ. ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಒಂದೇ ತಂತಿ ಇರಬೇಕು ಎಂಬುದೂ ಮರೆಯದಿರಲಿ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಳಗಿದ್ದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ.

ಮೋಟಾರಿನ ಕಥೆ ಬೇರೆ. ನಿಮ್ಮ ಅಂಕಿಗಳನ್ನೇ ಗುಣಿಸಿ: 230 ಗುಣಿಲೆ 6 ಎಂದರೆ 1380. 190 ಗುಣಿಲೆ 7.2 ಎಂದರೆ 1368. ಗುಣಲಬ್ಧ ಹೆಚ್ಚುಕಡಿಮೆ ಅಷ್ಟೇ ಇದೆ. ಮಗಳು ರಾಡಿನಲ್ಲಿ ಹುಡುಕಿದ್ದು ಮೋಟಾರಿನಲ್ಲಿ ಸಿಕ್ಕಿತು. ಬಾವಿಯ ಆಳ ಅಷ್ಟೇ, ಎತ್ತಬೇಕಾದ ನೀರು ಅಷ್ಟೇ, ತಿರುಗುವ ವೇಗವೂ ಬಹುಮಟ್ಟಿಗೆ ಅಷ್ಟೇ. ಹೊರೆ ಇಳಿಯದಿದ್ದ ಮೇಲೆ ವೋಲ್ಟೇಜಿನಲ್ಲಿ ಕಳೆದುಕೊಂಡದ್ದನ್ನು ಮೋಟಾರ್ ಆಂಪಿಯರಿನಲ್ಲಿ ಎಳೆದುಕೊಳ್ಳುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ದಿನವೂ ಪಂಪ್‌ಸೆಟ್‌ಗಳ ನಡುವೆ ಕೆಲಸ ಮಾಡುವವರು. ಅವರ ಮಾತು ಬಂದಿರುವುದು ಮೋಟಾರಿನೊಳಗಿನ ಸುಟ್ಟ ತಂತಿಸುರುಳಿಗಳನ್ನು, ಅಂದರೆ ವೈಂಡಿಂಗ್‌ಗಳನ್ನು ನೋಡಿ ನೋಡಿ.

ವೈಂಡಿಂಗ್ ಸುಡುವುದು ಏಕೆ ಎಂಬುದಕ್ಕೂ ಲೆಕ್ಕವಿದೆ. ತಂತಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಇಂಗ್ಲೆಂಡಿನ ವಿಜ್ಞಾನಿ ಜೂಲ್ ಇದನ್ನು 1840ರ ಸುಮಾರಿಗೆ ನೀರಿನಲ್ಲಿ ತಂತಿ ಮುಳುಗಿಸಿ, ಥರ್ಮಾಮೀಟರ್ ಹಿಡಿದು ಅಳೆದರು. ನಿಮ್ಮ ಮೋಟಾರಿನ ವೈಂಡಿಂಗ್ ರೋಧ 4 ಓಮ್ ಎಂದು ಇಟ್ಟುಕೊಳ್ಳೋಣ. 6 ಆಂಪಿಯರಿನಲ್ಲಿ ಅದರೊಳಗೆ 144 ವ್ಯಾಟ್ ಶಾಖ ಹುಟ್ಟುತ್ತದೆ, 7.2 ಆಂಪಿಯರಿನಲ್ಲಿ 207. ಆಂಪಿಯರ್ ಐದನೇ ಒಂದು ಭಾಗ ಏರಿದರೆ ಶಾಖ ಸುಮಾರು ಅರ್ಧದಷ್ಟು ಏರಿತು. ತಂತಿಯ ಮೇಲಿನ ವಾರ್ನಿಷ್ ಈ ಹೆಚ್ಚುವರಿ ಬಿಸಿಯನ್ನು ದಿನಗಟ್ಟಲೆ ತಾಳುವುದಿಲ್ಲ. ಸ್ಟಾರ್ಟ್ ಆಗುವಾಗ ಇನ್ನೂ ಕಷ್ಟ: ಮೋಟಾರ್ ಹೊರಳಲು ಹಾಕುವ ಬಲವೂ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 190 ವೋಲ್ಟಿನಲ್ಲಿ ಅದು ಮೂರನೇ ಎರಡು ಭಾಗಕ್ಕೆ ಬಂದಿರುತ್ತದೆ. ಮೋಟಾರ್ ತಿರುಗದೆ 'ಗುಂಯ್' ಎಂದು ನಿಂತರೆ ಎರಡನೇ ಯೋಚನೆ ಮಾಡದೆ ಸ್ವಿಚ್ ಆರಿಸಿ.

ಮೋಟಾರಿನ ವಿಷಯದಲ್ಲಿ ಒಂದು ಎಚ್ಚರ. ಅಲ್ಲಿ ವೋಲ್ಟೇಜನ್ನು ಆಂಪಿಯರಿನಿಂದ ಭಾಗಿಸಿ ಬಂದದ್ದನ್ನು ರೋಧ ಎನ್ನಬಾರದು. 230 ಭಾಗಿಲೆ 6 ಎಂದರೆ 38. ವೈಂಡಿಂಗನ್ನು ಮಲ್ಟಿಮೀಟರಿನಿಂದ ಅಳೆದರೆ ಬರುವುದು ಕೆಲವೇ ಓಮ್. ಇದು ಬಲ್ಬಿನ ಹಾಗೆ ಬಿಸಿ ತಣ್ಣನೆಯ ವ್ಯತ್ಯಾಸವಲ್ಲ. ಮೋಟಾರ್ ತಿರುಗುವಾಗ ಅದರ ಸುರುಳಿಗಳಲ್ಲಿ ಎದುರು ದಿಕ್ಕಿನ ವೋಲ್ಟೇಜ್ ಹುಟ್ಟಿ ಬರುವ ಕರೆಂಟನ್ನು ತಡೆಯುತ್ತದೆ. ತಿರುಗುವುದು ನಿಂತರೆ ಆ ತಡೆಯ ಬಹುಪಾಲು ಹೋಗುತ್ತದೆ, ಆಂಪಿಯರ್ ಐದಾರು ಪಟ್ಟು ಏರುತ್ತದೆ. ಅದೇ ರೀತಿ 1380 ಎಂಬ ಗುಣಲಬ್ಧವೂ ಮೋಟಾರಿನ ನಿಜವಾದ ವ್ಯಾಟ್ ಅಲ್ಲ. ಮೋಟಾರಿನಲ್ಲಿ ಕರೆಂಟಿನ ಅಲೆ ವೋಲ್ಟೇಜಿನ ಅಲೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ರಾಡಿನಲ್ಲಿ ಮಾತ್ರ ಗುಣಲಬ್ಧವೇ ವ್ಯಾಟ್. ಹಿಂದೆ ಬಿದ್ದದ್ದಕ್ಕೆ ಕಳೆದ ಮೇಲೆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಆಗಿ ಉಳಿಯುವ ಪಾಲನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ.

ಅದನ್ನು ಅಳೆಯಲು ಬೇರೆ ಉಪಕರಣ ಕೊಳ್ಳಬೇಕಾಗಿಲ್ಲ, ನಿಮ್ಮ ಮನೆಯ ಗೋಡೆಯ ಮೇಲೇ ಇದೆ. ವಿದ್ಯುತ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವನ್ನು ನೋಡಿದ್ದೀರಲ್ಲ, ಅದರ ಹತ್ತಿರ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಸಂಖ್ಯೆ ಇರುತ್ತದೆ. ಅದು 3200 ಎಂದಿದ್ದರೆ ಒಂದು ನಿಮಿಷದ ಮಿನುಗುಗಳನ್ನು ಎಣಿಸಿ 18.75ರಿಂದ ಗುಣಿಸಿ, ವ್ಯಾಟ್ ಬರುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 60,000ವನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ. ಎಣಿಸುವಾಗ ಮನೆಯ ಉಳಿದೆಲ್ಲವೂ ಆರಿರಬೇಕು, ಫ್ರಿಜ್ ಕೂಡ. ಸಂಜೆ ರಾಡ್ ಒಂದನ್ನೇ ಹಾಕಿ ಎಣಿಸಿದರೆ ನಿಮಿಷಕ್ಕೆ 46ರ ಹತ್ತಿರ ಬರುತ್ತದೆ. ಗುಣಿಸಿದರೆ 862, ನಿಮ್ಮ 857ಕ್ಕೆ ತೀರ ಹತ್ತಿರ. ಮೋಟಾರ್ ಕೂಡ ಅದೇ ಮೀಟರಿನಲ್ಲಿದ್ದರೆ ಅದನ್ನೂ ಎಣಿಸಿ ನೋಡಿ. ಉದಾಹರಣೆಗೆ 57 ಬಂದಿತು ಎನ್ನಿ, ನಿಜವಾದ ವ್ಯಾಟ್ ಸುಮಾರು 1070, ಪವರ್ ಫ್ಯಾಕ್ಟರ್ 1070 ಭಾಗಿಲೆ 1380, ಅಂದರೆ 0.77ರ ಸುಮಾರು. ಈ ಎಣಿಕೆಯನ್ನು ಮಗಳ ಕೈಯಲ್ಲಿ ಮಾಡಿಸಿ. ನನ್ನ ವಿದ್ಯಾರ್ಥಿಗಳಿಗೆ ಪವರ್ ಫ್ಯಾಕ್ಟರ್ ಅರ್ಥವಾದದ್ದು ಕಪ್ಪು ಹಲಗೆಯ ತ್ರಿಕೋನದಿಂದ ಅಲ್ಲ, ಹೀಗೆ ಎಣಿಸಿದಾಗ.

ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಇವುಗಳಲ್ಲಿ ಹೆಚ್ಚಿನವು ಈ ವಿಷಯದಲ್ಲಿ ಮೋಟಾರಿನ ಪಕ್ಷ: ಒಳಗಿನ ಸರ್ಕ್ಯೂಟ್ ತನಗೆ ಬೇಕಾದಷ್ಟು ವ್ಯಾಟ್ ಎಳೆದುಕೊಂಡೇ ತೀರುತ್ತದೆ. ಇಸ್ತ್ರಿಪೆಟ್ಟಿಗೆ, ಗೀಸರ್, ಕಾಯಿಲ್ ಒಲೆ ರಾಡಿನ ಪಕ್ಷ.

ಇಷ್ಟು ನೀವು ಕೇಳಿದ್ದಕ್ಕೆ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ನೀವು ಕೇಳದೆ ಬಿಟ್ಟ ಒಂದು ಅಂಕಿಯ ಮೇಲೆ. ರಾಡ್ ಹಾಕದಿದ್ದಾಗ 190, ಹಾಕಿದ ಕೂಡಲೇ 175. ಆ 15 ವೋಲ್ಟ್ ಎಲ್ಲಿ ಹೋಯಿತು?

ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಸಾಕೆಟ್‌ವರೆಗಿನ ತಂತಿಗೂ ರೋಧವಿದೆ. ರಾಡಿನ 4.9 ಆಂಪಿಯರ್ ಆ ತಂತಿಯಲ್ಲೂ ಹರಿಯುತ್ತದೆ, 15 ವೋಲ್ಟ್ ಅಲ್ಲಿ ಉಳಿದುಹೋಗುತ್ತದೆ. 15 ಭಾಗಿಲೆ 4.9 ಎಂದರೆ 3.06 ಓಮ್. ವ್ಯಾಟಿನಲ್ಲಿ ಹೇಳುವುದಾದರೆ 15 ಗುಣಿಲೆ 4.9, ಸುಮಾರು 73. ನಿಮ್ಮ ನೀರಿಗೆ ಸೇರದ ಈ 73 ವ್ಯಾಟ್ ದಾರಿಯಲ್ಲೆಲ್ಲೋ ಬಿಸಿಯಾಗಿ ಹೋಗುತ್ತಿದೆ. ಎಲ್ಲಿ ಎಂಬುದೇ ಮುಖ್ಯ.

ದಾರಿಯನ್ನು ಅಂದಾಜು ಹಾಕೋಣ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ 0.0172 ಓಮ್ ರೋಧ, ಅಲ್ಯೂಮಿನಿಯಮ್‌ಗೆ 0.028. ಕಂಬದಿಂದ ಮನೆಗೆ, ಮನೆಯಿಂದ ಬಚ್ಚಲಿನ ಬೋರ್ಡಿಗೆ ಒಟ್ಟು 30 ಮೀಟರ್ ಎಂದರೆ ಹೋಗಿ ಬರಲು 60 ಮೀಟರ್, 2.5 ಚದರ ಮಿಲಿಮೀಟರ್ ತಾಮ್ರವಾದರೆ 0.4 ಓಮ್. ಕಂಬದ ಮೇಲಿನ ಲೈನು ಅರ್ಧ ಕಿಲೋಮೀಟರ್ ಇದ್ದರೆ, ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎಳೆಯುವ ದಪ್ಪಕ್ಕೆ ಹೋಗಿ ಬರಲು ಸುಮಾರು 0.9 ಓಮ್. ಎರಡೂ ಸೇರಿ 1.3. ಮೀಟರ್ ಹೇಳುತ್ತಿರುವುದು 3.06. ಉಳಿದ 1.7 ಓಮ್‌ಗಿಂತ ಹೆಚ್ಚಿನದಕ್ಕೆ ಲೆಕ್ಕದಲ್ಲಿ ತಂತಿಯೇ ಇಲ್ಲ. ಟ್ರಾನ್ಸ್‌ಫಾರ್ಮರ್ ನಿಮ್ಮ ಮನೆಯಿಂದ ಇನ್ನೂ ದೂರವಿದ್ದರೆ ಲೈನಿನ ಪಾಲು ಏರುತ್ತದೆ, ಅದನ್ನು ನೀವೇ ಹೆಜ್ಜೆ ಹಾಕಿ ಅಳೆದುಕೊಳ್ಳಿ. ಅಷ್ಟಾಗಿಯೂ ಉಳಿಯುವುದು ಬಹುತೇಕ ಸಡಿಲವಾದ ಒಂದು ಜಾಯಿಂಟ್.

ಜಾಯಿಂಟಿನಲ್ಲಿ 1.7 ಓಮ್ ಎಂದರೆ 4.9ರ ವರ್ಗ 24, ಗುಣಿಲೆ 1.7, ಅಂದರೆ 41 ವ್ಯಾಟ್. ತಂತಿಯ ಉದ್ದಕ್ಕೂ ಹರಡಿದ 41 ವ್ಯಾಟ್ ಕೈಗೂ ತಿಳಿಯುವುದಿಲ್ಲ. ಕಡಲೆಕಾಳಿನಷ್ಟು ಜಾಗದಲ್ಲಿ 41 ವ್ಯಾಟ್ ಎಂದರೆ ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಯನ್ನು ಹಚ್ಚಿ ಗೋಡೆಯೊಳಗೆ ಇಟ್ಟಂತೆ. ಒಮ್ಮೆ ನಮ್ಮ ಮನೆಯಲ್ಲೇ ಗೀಸರ್ ಹಾಕಿದಾಗ ಸುಟ್ಟ ಮೀನಿನಂಥ ವಾಸನೆ ಬರುತ್ತಿತ್ತು. ಎರಡು ದಿನ ಚರಂಡಿಯ ವಾಸನೆ ಎಂದುಕೊಂಡೆವು. ಬೋರ್ಡ್ ಬಿಚ್ಚಿದರೆ ಸಾಕೆಟ್ಟಿನ ಹಿಂಬದಿಯ ಬಿಳಿ ಪ್ಲಾಸ್ಟಿಕ್ ಒಂದು ಸ್ಕ್ರೂವಿನ ಸುತ್ತ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು, ತಂತಿಯ ಹೊದಿಕೆ ಎರಡು ಅಂಗುಲ ಒಣಗಿ ಬಿರಿದಿತ್ತು. ಸ್ಕ್ರೂವನ್ನು ಬೆರಳಿನಿಂದಲೇ ಅರ್ಧ ಸುತ್ತು ತಿರುಗಿಸಬಹುದಿತ್ತು. ವಿದ್ಯುತ್ ಪಾಠ ಹೇಳುವವನ ಮನೆಯಲ್ಲಿ ಅದು ಎಷ್ಟು ತಿಂಗಳಿನಿಂದ ಹಾಗೆ ಕುದಿಯುತ್ತಿತ್ತೋ! ಅಂದಿನಿಂದ ನಾನು ಯಾರ ಮನೆಯ ವೋಲ್ಟೇಜ್ ಕೇಳಿದರೂ ಹೊರೆ ಹಾಕುವ ಮುಂಚೆ ಎಷ್ಟು, ಹಾಕಿದ ಮೇಲೆ ಎಷ್ಟು ಎಂದು ಎರಡನ್ನೂ ಕೇಳುತ್ತೇನೆ.

ವೋಲ್ಟೇಜ್ ಕಡಿಮೆ ಇದೆ ಎಂದು ಸ್ಟೆಬಿಲೈಸರ್ ತರಲು ನಿಮಗೆ ಯಾರಾದರೂ ಹೇಳಬಹುದು. ಜಾಯಿಂಟ್ ಸರಿಪಡಿಸದೆ ರಾಡಿಗೆ ಸ್ಟೆಬಿಲೈಸರ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸ್ಟೆಬಿಲೈಸರ್ ರಾಡಿಗೆ 230 ವೋಲ್ಟ್ ಒದಗಿಸಲು ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ನಿಮ್ಮ ಅಂಕಿಗಳಿಗೆ ಲೆಕ್ಕ ಹಾಕಿದರೆ ಅದು 9 ಆಂಪಿಯರ್ ದಾಟುತ್ತದೆ. ಜಾಯಿಂಟಿನ ಶಾಖ 41 ವ್ಯಾಟಿನಿಂದ 140ರ ಮೇಲಕ್ಕೆ ಹೋಗುತ್ತದೆ, ಅಂದರೆ ಮೂರೂವರೆ ಪಟ್ಟು. ಬೆಂಕಿ ಹತ್ತಲು ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಆಂಪಿಯರಿನ ಈ ವರ್ಗದ ಲೆಕ್ಕವೇ ನಮ್ಮ ನಾಡಿನ ವಿದ್ಯುತ್ ಚರಿತ್ರೆಯ ಮೊದಲ ಪುಟದಲ್ಲಿಯೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದಾಗ 30,000 ವೋಲ್ಟಿನ ಮಟ್ಟಕ್ಕೆ ಏರಿಸಿ ಕಳಿಸಿದರು. 230 ವೋಲ್ಟಿಗಿಂತ ಅದು 130 ಪಟ್ಟು. ಅಷ್ಟೇ ವ್ಯಾಟಿಗೆ ಆಂಪಿಯರ್ 130ನೇ ಒಂದು ಭಾಗ ಸಾಕು, ಅದೇ ತಂತಿಯಲ್ಲಿ ವ್ಯರ್ಥವಾಗುವ ಶಾಖ ಸುಮಾರು 17,000ನೇ ಒಂದು ಭಾಗ. ಹಾಗೆ ಮಾಡದಿದ್ದರೆ ಕಾವೇರಿಯ ವಿದ್ಯುತ್ತು ದಾರಿಯ ತಂತಿಯನ್ನು ಕಾಯಿಸುವುದರಲ್ಲೇ ಮುಗಿದುಹೋಗುತ್ತಿತ್ತು.

ಈಗ ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು. ಮೊದಲು ಆ 15 ವೋಲ್ಟಿನ ಅಳತೆ ನಿಜವೇ ಎಂದು ಗಟ್ಟಿಮಾಡಿಕೊಳ್ಳಿ. ಸಂಜೆಯ ಹೊತ್ತು ಅಕ್ಕಪಕ್ಕದವರೂ ಪಂಪು, ಮಿಕ್ಸಿ ಹಾಕುತ್ತಾರೆ. ನೀವು ಸ್ವಿಚ್ ಒತ್ತಿದ ಗಳಿಗೆಯಲ್ಲೇ ಅವರೂ ಒತ್ತಿದ್ದರೆ ಲೆಕ್ಕ ಕೆಡುತ್ತದೆ. ರಾತ್ರಿ ಹತ್ತರ ಮೇಲೆ ರಾಡನ್ನು ನೀರಿನಲ್ಲಿಟ್ಟು, ಅರ್ಧ ನಿಮಿಷ ಹಾಕಿ, ಅರ್ಧ ನಿಮಿಷ ಆರಿಸಿ, ಐದು ಬಾರಿ ಓದಿ. ಐದು ಬಾರಿಯೂ 15ರ ಆಸುಪಾಸು ಇಳಿದರೆ ಅದು ನಿಮ್ಮ ರಾಡಿನದೇ ಕರೆಂಟಿನಿಂದ ಆದ ಇಳಿತ. ಆಮೇಲೆ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ರಾಡ್ ಓಡುತ್ತಿರುವಾಗ ಎರಡು ಕಡೆ ವೋಲ್ಟೇಜ್ ನೋಡಲು ಹೇಳಿ: ಒಂದು ಮೇನ್ ಸ್ವಿಚ್ಚಿನಲ್ಲಿ, ಇನ್ನೊಂದು ಬಚ್ಚಲಿನ ಸಾಕೆಟ್ಟಿನಲ್ಲಿ. ಮೇನ್‌ನಲ್ಲಿ 184, ಸಾಕೆಟ್ಟಿನಲ್ಲಿ 175 ಬಂದರೆ 9 ವೋಲ್ಟ್ ಮನೆಯೊಳಗೇ ಕಳೆದುಹೋಗುತ್ತಿದೆ. ದೋಷ ನಿಮ್ಮ ಬೋರ್ಡುಗಳಲ್ಲಿದೆ, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟಬೇಕು. ಮೇನ್‌ನಲ್ಲೇ 176 ಇದ್ದರೆ ದೋಷ ಹೊರಗಿದೆ: ಮೀಟರಿನ ಕೆಳಗಿನ ಕಟೌಟ್ (ಫ್ಯೂಸ್ ಕೂರುವ ಡಬ್ಬಿ), ಅಥವಾ ಕಂಬದ ಮೇಲೆ ಸರ್ವಿಸ್ ತಂತಿಯನ್ನು ಲೈನಿಗೆ ಸುತ್ತಿರುವ ಜಾಗ. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರವಾಗಿ ಹೊಸೆದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಬಿಳಿ ಪುಡಿ ಕಟ್ಟಿಕೊಂಡಿರುತ್ತದೆ. ಅದನ್ನು ಮುಟ್ಟಬೇಕಾದವರು ಲೈನ್‌ಮನ್ ಮಾತ್ರ.

ಮೀಟರ್ ಹಿಡಿಯುವ ಕೈಗೆ ಎರಡು ಮಾತು. ಮಲ್ಟಿಮೀಟರಿನ ಗುಂಡಿ ಓಮ್‌ನಲ್ಲಿರುವಾಗ ಸಾಕೆಟ್ಟಿಗೆ ಕಡ್ಡಿ ಚುಚ್ಚಬಾರದು. ಕೆಂಪು ತಂತಿ ಆಂಪಿಯರ್ ತೂತಿನಲ್ಲಿರುವಾಗಲಂತೂ ಖಂಡಿತ ಕೂಡದು. ಆ ತೂತಿನ ಒಳಗಿನ ರೋಧ ಓಮ್‌ನ ಚೂರುಪಾಲು ಮಾತ್ರ, ಸಾಕೆಟ್ಟಿಗೆ ಅದು ಬರಿಯ ತಂತಿಯ ತುಂಡಿದ್ದಂತೆ, ಮೀಟರ್ ಕೈಯಲ್ಲೇ ಸಿಡಿಯುತ್ತದೆ. ರಾಡ್ ಓಡುತ್ತಿರುವಾಗ ನೀರು ಬೆಚ್ಚಗಾಯಿತೇ ಎಂದು ಯಾರೂ ಬೆರಳಿಡಬಾರದು, ಮಕ್ಕಳು ಅತ್ತ ಸುಳಿಯಲೇಬಾರದು. ಒದ್ದೆ ಮೈಯ ರೋಧ ಸಾವಿರ ಓಮ್‌ನ ಸುತ್ತ ಇರಬಹುದು. 230 ಭಾಗಿಲೆ 1000 ಎಂದರೆ 0.23 ಆಂಪಿಯರ್, ಅದರ ಕಾಲು ಭಾಗವೂ ಎದೆಯ ಬಡಿತ ಕೆಡಿಸಲು ಸಾಕು. ಸೋರುವ ಕರೆಂಟನ್ನು 0.03 ಆಂಪಿಯರಿಗೇ ಹಿಡಿದು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಸಿಗುತ್ತದೆ. ಎಲೆಕ್ಟ್ರಿಷಿಯನ್ ಹೇಗೂ ಬರುತ್ತಾರೆ, ಸ್ಟೆಬಿಲೈಸರಿಗೆ ಇಟ್ಟ ಹಣದಲ್ಲಿ ಅದನ್ನು ಹಾಕಿಸಿಬಿಡಿ.

ಜಾಯಿಂಟ್ ಕಟ್ಟಿದ ದಿನ ಸಂಜೆ, ರಾಡ್ ಹಾಕದಿರುವಾಗ ಮತ್ತೆ 190 ಇರುವ ಹೊತ್ತು ನೋಡಿಕೊಂಡು ಮಗಳ ಕೈಗೆ ಮೀಟರ್ ಕೊಡಿ. ಅದಕ್ಕೂ ಮುಂಚೆ ಕಾಗದದ ಮೇಲೆ ಅವಳೇ ಲೆಕ್ಕ ಹಾಕಲಿ: ದಾರಿಯ ರೋಧ 1.3, ರಾಡಿನದು 35.7, ಒಟ್ಟು 37 ಓಮ್. 190 ಭಾಗಿಲೆ 37 ಎಂದರೆ 5.14 ಆಂಪಿಯರ್, ಅದನ್ನು 35.7ರಿಂದ ಗುಣಿಸಿದರೆ ಸಾಕೆಟ್ಟಿನಲ್ಲಿ 183 ವೋಲ್ಟ್. ರಾಡ್ 940 ವ್ಯಾಟಿನ ಹತ್ತಿರ ಬಂದಿರಬೇಕು. ಮೀಟರ್ 183ರ ಆಸುಪಾಸು ನಿಂತರೆ ಕೆಲಸ ಸರಿಯಾಗಿದೆ. ಇನ್ನೂ 176, 177 ಎನ್ನುತ್ತಿದ್ದರೆ ಇನ್ನೊಂದು ಜಾಯಿಂಟ್ ಉಳಿದಿದೆ, ಎಲೆಕ್ಟ್ರಿಷಿಯನ್ ಅವರನ್ನು ವಾಪಸ್ ಕಳಿಸಬೇಡಿ.